ಓದುಗರ ಪ್ರಶ್ನೆ: ಸರ್ವರ್ ಪ್ರೊಸೆಸರ್ ಮನೆಗೆ ತರಬಹುದೇ?

ಪ್ರಶ್ನೆ: ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ, ಹಳೆಯ ಸರ್ವರಿನಿಂದ ತೆಗೆದ 14 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಇಂಟೆಲ್ ಪ್ರೊಸೆಸರ್ ಝಿಯಾನ್ ಇ5-2680 ವಿ4 ಅಗ್ಗಕ್ಕೆ ಸಿಗುತ್ತಿದೆ. ಮಗನ ಗೇಮ್‌ಗಳಿಗೂ ನನ್ನ ತ್ರಿಡಿ ರೆಂಡರಿಂಗ್‌ಗೂ (ತ್ರಿಡಿ ಮಾದರಿಯಿಂದ ಚಿತ್ರ ತಯಾರಿಸುವುದಕ್ಕೂ) ಅದು ಸಾಕೇ? 6 ಕೋರ್‌ಗಳ ಎಎಂಡಿ ಪ್ರೊಸೆಸರ್ ರೈಜೆನ್ 5 7600 ಕೊಳ್ಳಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕೋರ್‌ಗಳ ಸಂಖ್ಯೆಯೊಂದನ್ನೇ ನೋಡಿ ಮರುಳಾಗಬೇಡಿ. ಬಹುಪಾಲು ಗೇಮ್‌ಗಳ ಮುಖ್ಯ ಲೆಕ್ಕಾಚಾರ ಒಂದೆರಡು ಕೋರ್‌ಗಳ ಮೇಲೆಯೇ ಬೀಳುವುದರಿಂದ, ಅಲ್ಲಿ ಬೇಕಾದದ್ದು ಒಂದೊಂದು ಕೋರಿನ ವೇಗ. 2016ರ ಆ ಝಿಯಾನ್ ಗರಿಷ್ಠ 3.3 ಗಿಗಾಹರ್ಟ್ಸ್ ಮುಟ್ಟಿದರೆ, 2023ರ ರೈಜೆನ್ 5.1ರವರೆಗೆ ಏರುತ್ತದೆ, ಸಾಲದ್ದಕ್ಕೆ ಪ್ರೊಸೆಸರಿನೊಳಗಿನ ಗಡಿಯಾರದ ಪ್ರತಿ ಬಡಿತದಲ್ಲಿ ಹೆಚ್ಚು ಕೆಲಸವನ್ನೂ ಮಾಡುತ್ತದೆ.

ರೆಂಡರಿಂಗ್ ಮಾತು ಬೇರೆ. ಚಿತ್ರವನ್ನು ತುಂಡುಗಳಾಗಿ ಹಂಚಿಕೊಂಡು ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವುದರಿಂದ 14 ಕೋರ್‌ಗಳಿಗೆ ಅಲ್ಲಿ ನಿಜವಾದ ಬೆಲೆಯಿದೆ. ಆದರೂ ಕೋರ್‌ಗಳ ವೇಗದ ಅಂತರ ಆ ಅನುಕೂಲವನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ. ಝಿಯಾನ್‌ನ ಟಿಡಿಪಿ (ತಣಿಸುವ ವ್ಯವಸ್ಥೆಗೆ ಆಧಾರವಾಗಿ ತಯಾರಕರು ಕೊಡುವ ಶಾಖದ ಅಳತೆ) 120 ವ್ಯಾಟ್, ರೈಜೆನ್‌ನದು 65. ಝಿಯಾನ್‌ಗೆ ಹಳೆಯ ಮದರ್‌ಬೋರ್ಡನ್ನೇ ಹುಡುಕಬೇಕು, ವಿಂಡೋಸ್ 11ರ ಅಧಿಕೃತ ಬೆಂಬಲವೂ ಅದಕ್ಕಿಲ್ಲ. ಆದರೆ ನಾಲ್ಕು ಮೆಮೊರಿ ಚಾನೆಲ್‌ಗಳು (ಮೆಮೊರಿಗೆ ಮಾಹಿತಿ ಸಾಗುವ ದಾರಿಗಳು) ಇರುವುದರಿಂದ, ಹಲವು ವರ್ಚುವಲ್ ಯಂತ್ರಗಳನ್ನು (ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ವರ್ತಿಸುವ ತಂತ್ರಾಂಶಗಳನ್ನು) ನಡೆಸುವವರಿಗೆ ಅದು ಇಂದಿಗೂ ಒಪ್ಪುತ್ತದೆ.

ನಿಮ್ಮ ಮನೆಗೆ ರೈಜೆನ್ನೇ ಸರಿ. ಕೆಲಸ ಹೆಚ್ಚಿದಾಗ ಅದೇ ಎಎಂ5 (ಈ ರೈಜೆನ್ ಕೂರುವ ಸಾಕೆಟ್) ಬೋರ್ಡಿಗೆ, ಅದರ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಮತ್ತು ವಿದ್ಯುತ್ ಸಾಮರ್ಥ್ಯ ನೋಡಿಕೊಂಡು, 16 ಕೋರ್‌ಗಳ ರೈಜೆನ್ 9 7950ಎಕ್ಸ್ ಕೂರಿಸಬಹುದು.