ಸಾಲ ಮಾಡಿ ಓದುವವರಿಗೆ ಭಾನುವಾರದ ತಿರುಗಾಟ ಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಿರಿಯೂರಿನವರು, ಎಂ.ಎಸ್. ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಿದ್ದೀರಿ. ಮನೆಯವರು ತೋಟ ಒತ್ತೆ ಇಟ್ಟು ಸಾಲ ತೆಗೆದಿದ್ದಾರೆ. ಅಲ್ಲಿಗೆ ಹೋದವರೆಲ್ಲ ಶನಿವಾರ, ಭಾನುವಾರ ಬಂತೆಂದರೆ ಊರೂರು ತಿರುಗಿ ಫೋಟೊ ಹಾಕುತ್ತಾರೆ, ನಾನೂ ಹಾಗೆ ಹೋದರೆ ಅಪ್ಪನಿಗೆ ದ್ರೋಹ ಮಾಡಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ.

ನಾನು ಚಿತ್ರದುರ್ಗದವಳು. ಅದೇ ಡ್ರೆಸ್ಡೆನ್‌ನಲ್ಲಿ ಎರಡು ವರ್ಷ ಜಲವಿಜ್ಞಾನ ಓದಿದೆ, ನಿಮ್ಮಂತೆಯೇ ಸಾಲ ಮಾಡಿ. ಹೋಗಿ ಎಂದೇ ನಾನು ಹೇಳುವುದು. ಆದರೆ ನಾನು ಮೊದಲ ಸಲ ಹೋದ ಹಾಗೆ ಹೋಗಬೇಡಿ.

ಮೊದಲ ಸೆಮೆಸ್ಟರಿನಲ್ಲಿ ನಾವು ನಾಲ್ವರು ಸೇರಿ ಒಂದು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆವು. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ಎರಡೂವರೆ ದಿನದಲ್ಲಿ ಮೂರು ದೇಶದ ಮೂರು ರಾಜಧಾನಿಗಳು. ನನ್ನ ಪಾಲಿಗೆ 190 ಯೂರೋ ಖರ್ಚು ಬಿತ್ತು, ಆಗಿನ ಲೆಕ್ಕದಲ್ಲಿ ಹದಿನೇಳು ಸಾವಿರ ರೂಪಾಯಿ. ಅಪ್ಪ ತಿಂಗಳಿಗೆ ಕಟ್ಟುತ್ತಿದ್ದ ಬಡ್ಡಿಗಿಂತ ಅದು ಹೆಚ್ಚು. ಇಂದು ಕಣ್ಣು ಮುಚ್ಚಿದರೆ ಆ ಮೂರು ಊರುಗಳಿಂದ ನನಗೆ ನೆನಪಾಗುವುದು ಬಸ್ ನಿಲ್ದಾಣದ ಬೆಂಚು ಮತ್ತು ಮೊಬೈಲಿನ ಚಾರ್ಜ್ ಮುಗಿಯುತ್ತಿದ್ದ ಆತಂಕ. ಡ್ಯಾನ್ಯೂಬ್ ನದಿಯ ಮೇಲಿನ ಸೇತುವೆಯಲ್ಲಿ ನಿಂತಿದ್ದೆ ಎನ್ನುವುದಕ್ಕೆ ಫೋಟೊ ಇದೆ. ನದಿ ಯಾವ ಕಡೆಗೆ ಹರಿಯುತ್ತಿತ್ತೆಂದು ಕೇಳಿದರೆ ಗೊತ್ತಿಲ್ಲ, ನೀರಿನ ವಿಷಯವನ್ನೇ ಓದಲು ಹೋದವಳು ನಾನು. ನಿಮ್ಮ ಬ್ಲಾಕ್ಡ್ ಅಕೌಂಟಿನಿಂದ, ಅಂದರೆ ವೀಸಾಕ್ಕಾಗಿ ಮೊದಲೇ ಹಣ ತುಂಬಿ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಿಂದ, ತಿಂಗಳಿಗೆ ಕೈಗೆ ಬರುವುದು 992 ಯೂರೋ. ಬಾಡಿಗೆ, ಆರೋಗ್ಯ ವಿಮೆ, ಊಟ ಕಳೆದು ಉಳಿಯುವುದರಲ್ಲಿ ಇಂಥ ಪ್ರವಾಸಕ್ಕೆ ಒಂದು ಪೈಸೆಯೂ ಕೊಡಬೇಡಿ.

ನಾಲ್ಕು ತಿಂಗಳು ನಾನು ಎಲ್ಲಿಗೂ ಹೋಗಲಿಲ್ಲ. ಆಮೇಲೆ, ಅಕ್ಕಪಕ್ಕದ ಕೊಠಡಿಯಲ್ಲಿದ್ದ ದಾವಣಗೆರೆಯ ಗೆಳತಿಯೊಬ್ಬಳು, "ರೈಲಿಗೆ ದುಡ್ಡು ಕೊಡಬೇಕಾಗಿಲ್ಲ, ಬುತ್ತಿ ಕಟ್ಟಿಕೊಳ್ಳೋಣ, ಹೋಗಿ ಸಂಜೆಗೆ ಬರೋಣ" ಎಂದು ಎಬ್ಬಿಸಿದಳು. ನಮ್ಮ ಸೆಮೆಸ್ಟರ್ ಶುಲ್ಕದಲ್ಲಿಯೇ ಸ್ಥಳೀಯ ರೈಲು, ಬಸ್ಸುಗಳ ಟಿಕೆಟ್ ಸೇರಿತ್ತು. ಕೈಯಲ್ಲಿದ್ದ ಆ ಟಿಕೆಟನ್ನು ನಾನು ಅಷ್ಟು ದಿನ ಕಾಲೇಜು ಮತ್ತು ಕೊಠಡಿಯ ನಡುವೆ ಮಾತ್ರ ಬಳಸಿದ್ದೆ.

ಡ್ರೆಸ್ಡೆನ್ ಮುಖ್ಯ ನಿಲ್ದಾಣದಿಂದ ಎಸ್-1 ಎಂಬ ಲೋಕಲ್ ರೈಲು ಎಲ್ಬ ನದಿಯ ದಡ ಹಿಡಿದು ಆಗ್ನೇಯಕ್ಕೆ ಹೋಗುತ್ತದೆ. ಎಡಗಡೆಯ ಕಿಟಕಿಯ ಪಕ್ಕ ಕೂರಿ. ಪಿರ್ನಾ ದಾಟಿದ ಮೇಲೆ ನದಿ ಹತ್ತಿರ ಬರುತ್ತದೆ, ಎರಡೂ ಕಡೆ ಕಲ್ಲಿನ ಗೋಡೆಗಳು ಏಳುತ್ತವೆ. ಹದಿನೆಂಟನೇ ಶತಮಾನದಲ್ಲಿ ಡ್ರೆಸ್ಡೆನ್‌ನ ಕಲಾಶಾಲೆಗೆ ಬಂದ ಸ್ವಿಟ್ಜರ್‌ಲೆಂಡಿನ ಇಬ್ಬರು ಚಿತ್ರಕಾರರು, ಆಡ್ರಿಯನ್ ಝಿಂಗ್ ಮತ್ತು ಆಂಟನ್ ಗ್ರಾಫ್, ಈ ಬಂಡೆಗಳನ್ನು ನೋಡಿ ತಮ್ಮ ನಾಡನ್ನು ನೆನೆದರು. ಅದರಿಂದಲೇ ಈ ಪ್ರದೇಶಕ್ಕೆ ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್ ಎಂದು ಹೆಸರು. ಅವರಿಗೆ ಅವರ ಊರು ನೆನಪಾಯಿತು, ನನಗೆ ನನ್ನದು. ಸುಮಾರು ಮುಕ್ಕಾಲು ಗಂಟೆಯಲ್ಲಿ ಕ್ಯೋನಿಗ್‌ಸ್ಟೈನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದು ತಲೆ ಎತ್ತಿದಾಗ, ನದಿಯಿಂದ 240 ಮೀಟರ್ ಎತ್ತರದಲ್ಲಿ, ತಟ್ಟೆಯಂತೆ ಸಮತಟ್ಟಾದ ಒಂದು ಒಂಟಿ ಬೆಟ್ಟದ ನೆತ್ತಿಯ ಸುತ್ತ ಕೋಟೆ ಕಂಡಿತು. ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತೆಂದು ಕೆಳಗಿನಿಂದ ಹೇಳಲಾಗದು. ಆ ಒಂದು ಗುರುತಿಗೇ ನನ್ನ ಎದೆ ತುಂಬಿಬಂತು. ನಮ್ಮ ಕೋಟೆಯನ್ನು ದೂರದಿಂದ ನೋಡಿದರೂ ಹಾಗೆಯೇ ಅಲ್ಲವೇ?

ಕಾಡಿನ ದಾರಿಯಲ್ಲಿ ಹತ್ತಿ ಹೋದೆವು. ಗೋಡೆಗೆ ತಾಗಿಸಿ ಲಿಫ್ಟ್ ಕೂಡ ಕಟ್ಟಿದ್ದಾರೆ, ಆದರೆ ದಯವಿಟ್ಟು ನಡೆದೇ ಹತ್ತಿ. ನಡೆದರೆ ಬಂಡೆಯನ್ನು ಮುಟ್ಟಬಹುದು. ನಾನು ಅಂಗೈ ಒರಗಿಸಿ ತೆಗೆದಾಗ ಬೆರಳಿನ ತುದಿಗೆ ಸಣ್ಣ ರವೆಯಂತೆ ಮರಳು ಅಂಟಿಕೊಂಡು ಬಂತು. ಅದು ಮರಳುಗಲ್ಲು. ಸುಮಾರು 10 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಆದದ್ದು. ನಮ್ಮ ಚಿತ್ರದುರ್ಗದ ಬಂಡೆ ಗ್ರಾನೈಟು, 250 ಕೋಟಿ ವರ್ಷಕ್ಕೂ ಹಳೆಯದು. ಚಿಕ್ಕಂದಿನಿಂದ ಎಷ್ಟು ಸಲ ಅದರ ಮೇಲೆ ಜಾರಿದ್ದೇನೋ, ಕೈಗೆ ಒಂದು ಕಣವೂ ಅಂಟಿದ ನೆನಪಿಲ್ಲ.

ಕೋಟೆಯೊಳಗೆ ನೋಡುವುದು ಬೇಕಾದಷ್ಟಿದೆ. ಫಿರಂಗಿಗಳು, ಉಗ್ರಾಣಗಳು, ಬಹುಕಾಲ ಸೆರೆಮನೆಯಾಗಿದ್ದ ಕಟ್ಟಡಗಳು. 1942ರಲ್ಲಿ ಫ್ರಾನ್ಸಿನ ಸೇನಾಪತಿ ಆನ್ರಿ ಜಿರೋ ಹಗ್ಗ ಹೊಸೆದುಕೊಂಡು ಇಲ್ಲಿಂದ ಇಳಿದು ತಪ್ಪಿಸಿಕೊಂಡ. ಅವುಗಳನ್ನೆಲ್ಲ ನೀವೇ ನೋಡಿ. ನಾನು ಅರ್ಧ ದಿನ ಕಳೆದದ್ದು ಬಾವಿಮನೆಯ ಸುತ್ತಮುತ್ತ.

ಆ ಬಾವಿಯ ಆಳ 152.5 ಮೀಟರ್. 1563ರಿಂದ 1569ರವರೆಗೆ ಆರು ವರ್ಷ ಕೊರೆದರು. ಮೇಲ್ವಿಚಾರಣೆ ಮಾರ್ಟಿನ್ ಪ್ಲಾನರ್ ಎಂಬವನದು, ಕೆಲಸಗಾರರು ಫ್ರೈಬರ್ಗ್ ಗಣಿಯ ಕಡೆಯವರು. ಸಿಡಿಮದ್ದಿನಿಂದ ಬಂಡೆ ಒಡೆಯುವುದು ಇನ್ನೂ ರೂಢಿಗೆ ಬಂದಿರದ ಕಾಲ ಅದು, ಎಲ್ಲವೂ ಉಳಿ, ಸುತ್ತಿಗೆಯ ಕೆಲಸ. ನೀರು ಸೇದುವುದಕ್ಕೆ ಆಳೆತ್ತರದ ಚಕ್ರದೊಳಗೆ ಜನ ನಡೆಯಬೇಕಾಗಿತ್ತು. ಕಟಕಟೆ ಹಿಡಿದು ಬಗ್ಗಿ ನೋಡಿದೆ. ತಣ್ಣನೆಯ ಗಾಳಿ ಮುಖಕ್ಕೆ ತಾಗಿತು, ತಳ ಕಾಣಲಿಲ್ಲ. ಕಲ್ಲೊಂದು ಕೈಜಾರಿದರೆ ಅಷ್ಟು ಆಳ ಮುಟ್ಟಲು ಐದೂವರೆ ಸೆಕೆಂಡು ಬೇಕೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಆ ಕತ್ತಲೆಯೊಳಗೆ ಕುಳಿತು ಆರು ವರ್ಷ ಕಲ್ಲು ಕಡಿದವರನ್ನು ನೆನೆದು ಮಾತೇ ಹೊರಡಲಿಲ್ಲ.

ಮಧ್ಯಾಹ್ನ ಕೋಟೆಯ ಅಂಚಿನಲ್ಲಿ ಕುಳಿತು ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಗೆಳತಿ ಊರಿನಿಂದ ತಂದಿದ್ದ ಮಂಡಕ್ಕಿಯ ಕೊನೆಯ ಪೊಟ್ಟಣವನ್ನೂ ಬಿಚ್ಚಿದಳು. ಎದುರಿಗೆ ಎಲ್ಬ ನದಿ ಲಿಲಿಯನ್‌ಸ್ಟೈನ್ ಎಂಬ ಇನ್ನೊಂದು ಬೆಟ್ಟವನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿಯೇ ನಾವು ಅಬ್ರಾಟ್ಸ್ಕಿಯ ಕಥೆ ಓದಿದ್ದು. ಯಾವ ಸೈನ್ಯವೂ ಯುದ್ಧದಲ್ಲಿ ಗೆಲ್ಲದ ಈ ಕೋಟೆಯನ್ನು 1848ರಲ್ಲಿ ಸೆಬಾಸ್ಟಿಯನ್ ಅಬ್ರಾಟ್ಸ್ಕಿ ಎಂಬ ಹುಡುಗ ಬರಿಗೈಯಲ್ಲಿ ಹತ್ತಿದ. ಅವನ ಕಸುಬು ಮನೆಗಳ ಹೊಗೆಗೂಡು ಗುಡಿಸುವುದು. ಹೊಗೆಗೂಡಿನೊಳಗೆ ಬೆನ್ನು ಒಂದು ಗೋಡೆಗೆ, ಕಾಲು ಇನ್ನೊಂದಕ್ಕೆ ಒತ್ತಿ ಏರುವುದು ಅವನಿಗೆ ದಿನದ ಕೆಲಸ. ಬಂಡೆಯಲ್ಲಿ ಅಂಥದೇ ಒಂದು ಬಿರುಕು ಕಂಡಿತು, ಏರಿಬಿಟ್ಟ. ಮೇಲೆ ಮುಟ್ಟಿದವನನ್ನು ಹಿಡಿದು ಸೆರೆಯಲ್ಲಿಟ್ಟರು. ಕಥೆ ಮುಗಿಯುತ್ತಿದ್ದಂತೆ ನಾವಿಬ್ಬರೂ ಒಟ್ಟಿಗೆ ಹೇಳಿದ ಹೆಸರು ಓಬವ್ವನದು. ಅಲ್ಲಿ ನೂರಾರು ಜನ ಆ ಬಿರುಕನ್ನು ನೋಡಿ ಮುಂದೆ ಹೋಗುತ್ತಾರೆ. ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತವಳೊಬ್ಬಳನ್ನು ನೆನೆಯುವುದಕ್ಕೆ ನಮ್ಮ ಸೀಮೆಯವರೇ ಬೇಕು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಮನೆಯ ಹಿಂದೆಯೇ ಕೋಟೆ ಇರುವಾಗ ಅಷ್ಟು ದೂರ ಹೋಗಿ ಕೋಟೆ ನೋಡಿದೆಯಾ?" ಎಂದಳು. ಬೈಗುಳವಲ್ಲ, ಖುಷಿಯಿಂದಲೇ. ಆಮೇಲೆ, "ಅಷ್ಟು ಎತ್ತರದಲ್ಲಿ ನೀರಿಗೆ ಏನು ಮಾಡುತ್ತಿದ್ದರು?" ಎಂದು ಕೇಳಿದಳು.

ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾದವಳು ಅವಳು, ಮೊದಲು ಕೇಳುವುದು ನೀರಿನ ಮಾತನ್ನೇ. ಬಾವಿಯ ಕಥೆ ಹೇಳಿದೆ. "ನಮ್ಮ ಕೋಟೆಯಲ್ಲಿ ಅಂಥ ಬಾವಿ ಯಾಕಿಲ್ಲ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕುಳಿತು ಪರೀಕ್ಷೆಗೆ ಓದಿದವಳಿಗೆ, ಆ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಕೇಳಬೇಕೆನಿಸಿರಲಿಲ್ಲ.

ಆ ವಾರವೆಲ್ಲ ಅದೇ ತಲೆಯಲ್ಲಿ ಕೊರೆಯಿತು. ಉತ್ತರ ಸಿಕ್ಕಿದ್ದು ಬೆರಳಿಗೆ ಅಂಟಿದ ಮರಳಿನಿಂದ. ಮರಳುಗಲ್ಲು ಮಳೆಯನ್ನು ಕುಡಿಯುತ್ತದೆ, ನೀರು ಇಳಿದು ಇಳಿದು ಆಳಕ್ಕೆ ಹೋಗುತ್ತದೆ, ಅದರ ಬೆನ್ನು ಹತ್ತಿ ಇವರು ಬಂಡೆಯೊಳಗೆ ಇಳಿದರು. ಗ್ರಾನೈಟು ಕುಡಿಯುವುದಿಲ್ಲ. ಬಿದ್ದ ಹನಿಯನ್ನೆಲ್ಲ ಜಾರಿಸಿಬಿಡುತ್ತದೆ. ಹಾಗಾಗಿ ನಮ್ಮವರು ಜಾರುವ ನೀರಿಗೆ ಅಡ್ಡ ನಿಂತು ಹಿಡಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅದು ತುಂಬಿದರೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಹೈದರಾಲಿಯ ಮುತ್ತಿಗೆಗಳ ನಡುವೆ, 1779ರವರೆಗೂ ಆ ಕೋಟೆ ನಿಂತಿತ್ತು ಎಂದರೆ ಗೋಡೆಗಳಷ್ಟೇ ಈ ಹೊಂಡಗಳೂ ಕಾರಣ ಎಂಬುದು ನನ್ನ ಗಟ್ಟಿ ನಂಬಿಕೆ. ನನ್ನ ಪ್ರಬಂಧದ ವಿಷಯವನ್ನು ನಾನು ಆಮೇಲೆ ಬದಲಾಯಿಸಿದೆ. ಗಟ್ಟಿ ಬಂಡೆಯ ಪ್ರದೇಶದಲ್ಲಿ ಮಳೆನೀರಿನ ಹರಿವು ಎಂಬುದರ ಮೇಲೆ ಬರೆದೆ. ಹೀಗಿರುವಾಗ ಆ ಭಾನುವಾರವನ್ನು ಅಪ್ಪನ ದುಡ್ಡು ಪೋಲು ಮಾಡಿದ ದಿನ ಎಂದು ನಾನು ಹೇಗೆ ಎಣಿಸಲಿ?

ಆಮೇಲೆ ತಿಂಗಳಿಗೊಂದು ಭಾನುವಾರ ಅದೇ ರೈಲು ಹತ್ತಿದೆ. ರಾಟನ್‌ನಲ್ಲಿ ಇಳಿದರೆ ನದಿ ದಾಟಿಸುವ ದೋಣಿಗೆ ಎಂಜಿನ್ ಇಲ್ಲ. ಹೊಳೆಗೆ ಕಟ್ಟಿದ ತಂತಿಗೆ ಸಿಕ್ಕಿಸಿ, ಓರೆ ತಿರುಗಿಸಿ, ಹರಿಯುವ ನೀರಿನ ಬಲದಿಂದಲೇ ದಾಟಿಸುತ್ತಾರೆ. ಆಚೆ ದಡದಿಂದ ಹತ್ತಿದರೆ ಬಾಸ್ಟೈ ಸೇತುವೆ, 1851ರಲ್ಲಿ ಕಲ್ಲಿನಲ್ಲಿ ಕಟ್ಟಿದ್ದು, 76.5 ಮೀಟರ್ ಉದ್ದ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಜನಜಂಗುಳಿ.

ಹೊಸಬರಿಗೆ ಗೊತ್ತಿರಬೇಕಾದ ಕೆಲವು ಮಾತುಗಳಿವೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬುತ್ತಿಗೆ ಬೇಕಾದದ್ದನ್ನು ಕೊಂಡಿಡಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ, ಆದ್ದರಿಂದ ನಿಮ್ಮ ಸೆಮೆಸ್ಟರ್ ಟಿಕೆಟ್ ಎಲ್ಲಿಯವರೆಗೆ ನಡೆಯುತ್ತದೆಂದು ಮೊದಲೇ ನೋಡಿಕೊಳ್ಳಿ, ವೇಗದ ರೈಲುಗಳಿಗೆ ಅದು ನಡೆಯದು. ಖಾಲಿ ನೀರಿನ ಬಾಟಲಿ ಎಸೆಯಬೇಡಿ, ಹಿಂದಿರುಗಿಸಿದರೆ 25 ಸೆಂಟ್ ಮರಳಿ ಬರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಕಾಡಿನ ದಾರಿಯಲ್ಲಿ ಆ ಹೊತ್ತಿಗೆ ಇರಬಾರದು.

ಓದು ಮುಗಿಸಿ ಬಂದ ಮೊದಲ ಮಳೆಗಾಲದಲ್ಲಿ ಅವ್ವನನ್ನು ಕೋಟೆಗೆ ಕರೆದುಕೊಂಡು ಹೋದೆ. ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹತ್ತಿದ್ದಳಂತೆ, ಮತ್ತೆ ಹೋಗಿರಲಿಲ್ಲ. ತಣ್ಣೀರು ದೋಣಿಯ ಹತ್ತಿರ ಸ್ವಲ್ಪ ಹೊತ್ತು ಕುಳಿತಳು. ಓಬವ್ವ ಗಂಡನಿಗೆ ನೀರು ತರಲು ಬಂದು ಸದ್ದು ಕೇಳಿಸಿಕೊಂಡದ್ದು ಇಲ್ಲಿಯೇ ಎನ್ನುತ್ತಾರೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಂಡಿಯೊಳಗೆ ಬಗ್ಗಿ ತಲೆ ಹಾಕಿ, "ಇಷ್ಟೇ ಇಷ್ಟು ಜಾಗ" ಎಂದು ಕಲ್ಲನ್ನು ಕೈಯಿಂದ ಸವರಿದಳು.

ನೀವು ಹೊರಡುವುದಕ್ಕೆ ಇನ್ನೂ ಮೂರು ವಾರವಿದೆ ಎಂದು ಬರೆದಿದ್ದೀರಿ. ಹಿರಿಯೂರಿನಿಂದ ಚಿತ್ರದುರ್ಗ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಒಂದು ಭಾನುವಾರ ಅಪ್ಪನನ್ನೂ ಕರೆದುಕೊಂಡು ಬನ್ನಿ. ಗೋಪಾಲಸ್ವಾಮಿ ಹೊಂಡದ ಕೋಡಿಯಿಂದ ಶುರುಮಾಡಿ, ನೀರು ಇಳಿಯುವ ದಾರಿಯಲ್ಲಿಯೇ ನಡೆದು ಸಂತೆ ಹೊಂಡದವರೆಗೆ ಬನ್ನಿ.