ಬ್ಯಾಂಕಿನವರು ಮನೆಗೆ ಕಡಿಮೆ ಬೆಲೆ ಕಟ್ಟಿದರೆ ಏನು ಮಾಡೋದು?

ಮೇಲೆ ಎರಡು ಪ್ರಶ್ನೆ ಬಂದಿವೆ. ಒಬ್ಬರು ಹಳೇ ಮನೆ ಕೊಂಡು ತಾವೇ ಸರಿಪಡಿಸಿಕೊಳ್ಳಬೇಕು ಅಂತಿದ್ದಾರೆ. ಬೆಲೆ ಮಾತಾಗಿದೆ, ಆದರೆ ಬ್ಯಾಂಕಿನ ವ್ಯಾಲ್ಯುಯರ್, ಅಂದರೆ ಸಾಲ ಕೊಡುವ ಮುಂಚೆ ಮನೆ ನೋಡಿ ಬೆಲೆ ಕಟ್ಟುವವರು, ತಮ್ಮ ರಿಪೋರ್ಟಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದಾರೆ. ಇನ್ನೊಬ್ಬರು ಮನೆ ಮಾರುತ್ತಿರುವ ಅಕ್ಕ. ಅಡುಗೆಮನೆ, ಕೈತೋಟ ಎಲ್ಲಾ ಕೈಯಾರೆ ಮಾಡಿದ್ದರೂ ರಿಪೋರ್ಟಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ ಅಂತ ಅವರಿಗೆ ಬೇಸರ. ಇಂಥ ರಿಪೋರ್ಟ್ ಬರೆಯುವ ಕಚೇರಿಯಲ್ಲಿ ಕೆಲಸ ಮಾಡಿದವನು ನಾನು. ಇಬ್ಬರಿಗೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಬ್ಯಾಂಕ್ ವ್ಯಾಲ್ಯುಯರ್‌ಗೆ ಕೇಳುವುದು ಒಂದೇ ಪ್ರಶ್ನೆ. ಸಾಲ ತಗೊಂಡವರು ಕಂತು ಕಟ್ಟದೆ ಕೈ ಎತ್ತಿದರೆ, ಈ ಮನೆ ಮಾರಿ ಎಷ್ಟು ದುಡ್ಡು ವಾಪಸ್ ಬರುತ್ತದೆ? ಕೊಳ್ಳುವವರಿಗೆ ಮನೆ ಎಷ್ಟು ಹಿಡಿಸಿದೆ, ಮಾರುವವರು ಎಷ್ಟು ಖರ್ಚು ಮಾಡಿದ್ದಾರೆ ಅನ್ನುವುದೆಲ್ಲ ಆ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ರಿಪೋರ್ಟ್ ಓದುವಾಗ ಅರ್ಧ ಸಿಟ್ಟು ಇಳಿಯುತ್ತದೆ.

ಮೊದಲು ಕೊಳ್ಳುವವರ ಲೆಕ್ಕ. ಮಾತಾದ ಬೆಲೆ, ವ್ಯಾಲ್ಯುಯರ್ ಕಟ್ಟಿದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ ಕೊಡುತ್ತಾರೆ. ಮಾತಾದ ಬೆಲೆ 100 ಅಂದುಕೊಳ್ಳಿ, ಬ್ಯಾಂಕ್ ಶೇ 80 ಕೊಡುತ್ತದೆ ಅಂದುಕೊಳ್ಳಿ. ವ್ಯಾಲ್ಯುಯರ್ 92 ಬರೆದರೆ ಸಾಲ 73.6ಕ್ಕೆ ಇಳಿಯುತ್ತದೆ. ಮಾರುವವರಿಗೆ ಕೊಡಬೇಕಾದದ್ದು ಮಾತ್ರ ಅದೇ 100. ಅಂದರೆ ನಿಮ್ಮ ಕೈಯಿಂದ 20ರ ಬದಲು 26.4 ಹೋಗಬೇಕು. ರಿಪೋರ್ಟಿನಲ್ಲಿ ಇಳಿದದ್ದು ಶೇ 8, ನೀವು ಹೊಂದಿಸಬೇಕಾದ ದುಡ್ಡು ಏರಿದ್ದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಕೈಲಿರುವ ದುಡ್ಡಿನ ಕೊನೇ ಪೈಸೆವರೆಗೂ ಲೆಕ್ಕ ಹಾಕಿ ಬೆಲೆ ಒಪ್ಪಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ವ್ಯಾಲ್ಯುಯರ್ 108 ಬರೆದರೆ ಜಾಸ್ತಿ ಸಾಲ ಸಿಗುತ್ತದಾ? ಇಲ್ಲ, ಆಗ ಮಾತಾದ 100ರ ಮೇಲೇ ಲೆಕ್ಕ.

ಶೇಕಡಾ ಮಿತಿ ದೇಶಕ್ಕೊಂದು ಥರ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 30 ಲಕ್ಷದವರೆಗಿನ ಸಾಲಕ್ಕೆ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75 ಅಂತ ಗರಿಷ್ಠ ಮಿತಿ ಇಟ್ಟಿದೆ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ, ಅದು ಬೇರೆಯೇ ಹೊಂದಿಸಬೇಕು. ಅಮೆರಿಕದಲ್ಲಿ ಶೇ 20ಕ್ಕಿಂತ ಕಡಿಮೆ ಕೈಯಿಂದ ಹಾಕಿದರೆ ಸಾಮಾನ್ಯ ಸಾಲಗಳಿಗೆ ಅಡಮಾನ ವಿಮೆ (ಸಾಲ ಮುಳುಗಿದರೆ ಬ್ಯಾಂಕಿನ ನಷ್ಟ ತುಂಬುವ ವಿಮೆ, ಕಂತು ನಿಮ್ಮದು) ತಗುಲಿಕೊಳ್ಳುತ್ತದೆ. ಸಾಲ ಮೂಲ ಬೆಲೆಯ ಶೇ 80ಕ್ಕೆ ಇಳಿದಾಗ ಅದನ್ನು ತೆಗೆಸಲು ನೀವೇ ಅರ್ಜಿ ಹಾಕಬಹುದು.

ಈಗ ಆ 92 ಎಲ್ಲಿಂದ ಬಂತು ನೋಡೋಣ. ವಾಸದ ಮನೆಗೆ ಜಾಸ್ತಿ ಬಳಸುವುದು ಹೋಲಿಕೆ ಪದ್ಧತಿ. ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ, ಇದೇ ಥರದ ಮೂರ್ನಾಲ್ಕು ಮನೆ ತಗೊಳ್ಳುತ್ತಾರೆ. ವ್ಯತ್ಯಾಸಗಳನ್ನು ಕೂಡಿಸಿ ಕಳೆದು ನಿಮ್ಮ ಮನೆಯ ಬೆಲೆಗೆ ಬರುತ್ತಾರೆ. ಓದುವವರು ಗೊಂದಲ ಮಾಡಿಕೊಳ್ಳುವುದು ಈ ಕೂಡಿಸಿ ಕಳೆಯುವ ಕಡೆ. ಕೂಡುವುದು, ಕಳೆಯುವುದು ಎರಡೂ ನಡೆಯುವುದು ಆ ಇನ್ನೊಂದು ಮನೆಯ ಬೆಲೆಯ ಮೇಲೆ. ಅದಕ್ಕೆ ಒಂದು ಕೋಣೆ ಜಾಸ್ತಿ ಇದ್ದರೆ ಅದರ ಬೆಲೆಯಿಂದ ಕಳೆಯುತ್ತಾರೆ. ನಿಮ್ಮದರಲ್ಲಿ ಒಂದು ಬಚ್ಚಲು ಜಾಸ್ತಿ ಇದ್ದರೆ ಆ ಇನ್ನೊಂದು ಮನೆಯ ಬೆಲೆಗೆ ಕೂಡಿಸುತ್ತಾರೆ. 'ಕಳೆದಿದ್ದಾರೆ' ಅಂತ ನೋಡಿದ ತಕ್ಷಣ ನಮ್ಮ ಮನೆಗೆ ಅನ್ಯಾಯ ಆಯಿತು ಅಂದುಕೊಳ್ಳಬೇಡಿ. ಹೋಲಿಕೆಗೆ ಮನೆ ಸಿಗದಿದ್ದರೆ ಜಾಗದ ಬೆಲೆಗೆ ಕಟ್ಟಡದ ಈಗಿನ ನಿರ್ಮಾಣ ವೆಚ್ಚ ಸೇರಿಸಿ, ಸವಕಳಿ ಕಳೆಯುತ್ತಾರೆ. ಬಾಡಿಗೆಗೆ ಕೊಡುವ ಕಟ್ಟಡವಾದರೆ ಬಾಡಿಗೆ ಆದಾಯದಿಂದಲೂ ಲೆಕ್ಕ ಹಾಕುವುದುಂಟು.

ಹಾಗಾಗಿ ಕಡಿಮೆ ಬಂತು ಅಂದ ತಕ್ಷಣ ಜಗಳಕ್ಕೆ ಹೋಗಬೇಡಿ, ಮೊದಲು ರಿಪೋರ್ಟಿನ ಪ್ರತಿ ಕೇಳಿ. ಕೊಡದಿದ್ದರೆ ಅಳತೆ ಮತ್ತು ಹೋಲಿಕೆ ಮನೆಗಳ ವಿವರವನ್ನಾದರೂ ಕೇಳಿ. ಅಮೆರಿಕದಲ್ಲಾದರೆ ಸಾಲದ ಪತ್ರಕ್ಕೆ ಸಹಿ ಬೀಳುವ ಕನಿಷ್ಠ 3 ಕೆಲಸದ ದಿನ ಮೊದಲೇ ಪ್ರತಿ ಕೊಡಬೇಕೆಂಬ ನಿಯಮವೇ ಇದೆ. ಸಿಕ್ಕ ಮೇಲೆ ಬೆಲೆಯ ಪುಟ ಬಿಟ್ಟು ಅಳತೆಯ ಪುಟ ತೆಗೆಯಿರಿ. ವಿಸ್ತೀರ್ಣ, ಕೋಣೆಗಳ ಸಂಖ್ಯೆ, ಕಟ್ಟಿದ ವರ್ಷ ಸರಿಯಿದೆಯಾ? ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಇರುತ್ತಿದ್ದವು. ಮೇಲಿನ ಮಹಡಿಯ ಒಂದು ಕೋಣೆ ಬಿಟ್ಟುಹೋಗಿರುತ್ತದೆ, ಇಲ್ಲಾ ದುರಸ್ತಿಗೆ ಮುಂಚಿನ ಹಳೇ ನಕ್ಷೆಯನ್ನೇ ಎತ್ತಿ ಹಾಕಿರುತ್ತಾರೆ. ಆಮೇಲೆ ಹೋಲಿಕೆ ಮನೆಗಳನ್ನು ನೋಡಿ. ಅದರಲ್ಲಿ ಒಂದು ಅಣ್ಣತಮ್ಮಂದಿರ ನಡುವಿನ ಮಾರಾಟವೋ, ಬ್ಯಾಂಕ್ ಹರಾಜಿನದ್ದೋ ಆಗಿದ್ದರೆ ಅದನ್ನು ಎತ್ತಿ ಹೇಳಬಹುದು.

ತಪ್ಪು ಸಿಕ್ಕರೆ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಡಿ, ಜೊತೆಗೆ ದಾಖಲೆ ಇಡಿ. ವ್ಯಾಲ್ಯುಯರ್‌ಗೇ ಫೋನ್ ಮಾಡಿ 'ಸ್ವಲ್ಪ ಏರಿಸಿ ಕೊಡಿ' ಅನ್ನಬೇಡಿ. ಏರಿಸಿ ಬರೆದರೆ ಅವರ ಕೆಲಸಕ್ಕೇ ಕುತ್ತು. ಅಲ್ಲದೆ ಬೆಲೆ ಉಬ್ಬಿಸಿ ಜಾಸ್ತಿ ಸಾಲ ತಗೊಂಡರೆ ತೀರಿಸುವವರು ನೀವೇ, ಅಲ್ವಾ?

ರಿಪೋರ್ಟ್ ಸರಿಯಾಗೇ ಇದ್ದರೆ ಉಳಿಯುವುದು ಬೆಲೆಯ ಮಾತುಕತೆ. ಮಾರುವವರ ಮುಂದೆ ರಿಪೋರ್ಟ್ ಇಟ್ಟು, ವ್ಯತ್ಯಾಸವನ್ನು ಇಬ್ಬರೂ ಹಂಚಿಕೊಳ್ಳೋಣ ಅನ್ನಿ. ಇಷ್ಟರಲ್ಲೇ ಎಷ್ಟೋ ವ್ಯವಹಾರ ಮುಗಿಯುತ್ತದೆ. ಬೇರೆ ಬ್ಯಾಂಕಿಗೆ ಹೋಗಬಹುದು, ಆದರೆ ಫೀಸು ಮತ್ತೆ ಕಟ್ಟಬೇಕು, ದಿನವೂ ಹೋಗುತ್ತದೆ. ಇನ್ನೂ ಅಗ್ರಿಮೆಂಟಿಗೆ ಸಹಿ ಹಾಕದವರು ಒಂದು ಷರತ್ತು ಬರೆಸಿಕೊಳ್ಳಿ: ಸಾಲ ಮಂಜೂರಾಗದಿದ್ದರೆ, ಅಥವಾ ಕಟ್ಟಿದ ಬೆಲೆ ಇಷ್ಟಕ್ಕಿಂತ ಕಡಿಮೆ ಬಂದರೆ, ಮುಂಗಡ ಪೂರ್ತಿ ವಾಪಸ್. ಬಾಯಿಮಾತಿಗೆ 'ಆಯ್ತು ಬಿಡಿ ಸರ್, ನೋಡೋಣ' ಅಂದದ್ದು ಮುಂಗಡ ಕೇಳುವ ದಿನ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಬ್ಯಾಂಕಿನವರು ನೋಡಿದ್ದಾರೆ, ಮನೆ ಗಟ್ಟಿಯಾಗಿರುತ್ತದೆ ಅಂತ ನಂಬಬೇಡಿ. ವ್ಯಾಲ್ಯುಯರ್ ತಾರಸಿಯ ಬಿರುಕಿಗೆ ನೀರು ಹಾಕಿ ನೋಡುವುದಿಲ್ಲ, ವೈರಿಂಗ್ ಬಿಚ್ಚುವುದಿಲ್ಲ. ಅದಕ್ಕೆ ನಿಮ್ಮದೇ ಎಂಜಿನಿಯರ್ ಬೇಕು. ಹಳೇ ಮನೆಗಂತೂ ಬೇಕೇ ಬೇಕು. ಕಾಗದಪತ್ರಕ್ಕೆ ನಿಮ್ಮದೇ ವಕೀಲರು.

ಅಕ್ಕಾ, ಈಗ ನಿಮ್ಮ ಕಡೆಗೆ. ಕೈಯಾರೆ ಮಾಡಿದ ಕೆಲಸಕ್ಕೆ ಖರ್ಚಾದಷ್ಟೇ ಬೆಲೆ ವಾಪಸ್ ಬರುವುದು ಅಪರೂಪ. ತೋಟ, ಕಪಾಟು, ಬಣ್ಣ ಇವೆಲ್ಲ ಕೊಳ್ಳುವವರ ಮನಸ್ಸು ಗೆಲ್ಲುತ್ತವೆ, ರಿಪೋರ್ಟಿನಲ್ಲಿ ಅಂಕೆ ಏರಿಸುವುದಿಲ್ಲ. ಏರಿಸುವುದು ಮಂಜೂರಾದ ವಿಸ್ತೀರ್ಣ, ಸೇರಿಸಿದ ಕೋಣೆ, ಹೊಸ ಚಾವಣಿ, ಹೊಸ ವೈರಿಂಗ್, ಹೊಸ ನೀರಿನ ಪೈಪು. ಅದೂ ಕಾಗದ ಇದ್ದರೆ ಮಾತ್ರ. ಪರವಾನಗಿ ಇಲ್ಲದೆ ಎತ್ತಿದ ಕೋಣೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಇನ್ನೊಬ್ಬ ವ್ಯಾಲ್ಯುಯರ್ ಬರುವ ಹಾಗಿದ್ದರೆ ಒಂದು ಹಾಳೆ ಸಿದ್ಧ ಮಾಡಿಡಿ. ಯಾವ ವರ್ಷ ಯಾವ ಕೆಲಸ ಆಯಿತು ಅಂತ ಬರೆದು ಬಿಲ್ಲುಗಳನ್ನು ಅದಕ್ಕೇ ಲಗತ್ತಿಸಿ. ಮಂಜೂರಾದ ನಕ್ಷೆ, ತೆರಿಗೆ ರಸೀದಿ ಜೊತೆಗಿರಲಿ. ಎಲ್ಲಾ ಕೋಣೆಯ ಬೀಗ ತೆಗೆದಿರಲಿ. ಸಾಮಾನು ತುಂಬಿ ಬೀಗ ಹಾಕಿದ ಕೋಣೆ ಇದ್ದರೆ ಒಳಗೆ ತೇವ ಇದೆಯೇನೋ ಅನ್ನುವ ಅನುಮಾನ ಬರುತ್ತದೆ. ಸೋರುವ ನಲ್ಲಿ, ಒಡೆದ ಗಾಜು ಸರಿ ಮಾಡಿಸಿ. ಅದಕ್ಕಿಂತ ಜಾಸ್ತಿ ಸುಮ್ನೆ ಸುರಿಯಬೇಡಿ.

ಕೊಳ್ಳುವವರಿಗೆ ಅವಧಿಯ ಬಗ್ಗೆ ಒಂದೆರಡು ಸಾಲು. 1,00,000 ಸಾಲಕ್ಕೆ ಶೇ 9 ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 900, 30 ವರ್ಷಕ್ಕೆ ಸುಮಾರು 805. ಕಂತಿನಲ್ಲಿ ಉಳಿದದ್ದು 95. ಒಟ್ಟು ಬಡ್ಡಿ ಮಾತ್ರ 1.16 ಲಕ್ಷದಿಂದ 1.9 ಲಕ್ಷಕ್ಕೆ ಹೋಗುತ್ತದೆ. 20 ವರ್ಷದ ಸಾಲದಲ್ಲೂ ಮೊದಲ ಕಂತಿನ 900ರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150. ಹಾಗಾಗಿ ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಭಾರತದಲ್ಲಿ ವ್ಯಕ್ತಿಗಳ ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ದಂಡ ಹಾಕುವಂತಿಲ್ಲ.

ರಿಪೋರ್ಟಿನ ಹೋಲಿಕೆ ಪುಟ ಸಿಕ್ಕಿದರೆ ಹೆಸರು, ವಿಳಾಸ ಮರೆಮಾಡಿ ಇಲ್ಲೇ ಹಾಕಿ. ಯಾವ ಸಾಲಿನಲ್ಲಿ ಎಷ್ಟು ಕಳೆದಿದ್ದಾರೆ ಅಂತ ನೋಡಿ ಹೇಳುತ್ತೇನೆ.