ಕಳೆನಾಶಕ ಬಿಟ್ಟ ಮೇಲೆ ಹುಲ್ಲು ಹೆಚ್ಚಿತೇ?

ಪ್ರಶ್ನೆ: ಅಂಕೋಲಾ ಹತ್ತಿರ ನಮ್ಮ ಭತ್ತದ ಗದ್ದೆಗೆ ಕಳೆನಾಶಕ ಹೊಡೆಯುವುದು ನಿಲ್ಲಿಸಿದ್ದೇವೆ. ಈಗ ಹುಲ್ಲು ಜಾಸ್ತಿ. ಮನೆಯವರು ಮತ್ತೆ ಔಷಧಿ ತರೋಣ ಅಂತಾರೆ. ಏನು ಮಾಡಲಿ?
– ಒಬ್ಬ ಓದುಗಿ

ಉತ್ತರ: ಈಗಲೇ ಕೈಬಿಡಬೇಡಿ ತಂಗಿ. ಮಣ್ಣಿನಲ್ಲಿ ಹಳೆಯ ಕಳೆಬೀಜ ಇದ್ದೇ ಇರುತ್ತದೆ, ಮೊದಮೊದಲು ಅದು ಏಳುವುದು ಸಹಜ. ಅದನ್ನು ಬೀಜ ಕಟ್ಟಲು ಬಿಡದಿರುವುದೇ ಮುಖ್ಯ ಕೆಲಸ.

ಭತ್ತದಂತೆಯೇ ಕಾಣುವ ಹುಲ್ಲೊಂದು ಇದೆಯಲ್ವಾ, ನನಗೆ ಅದರದ್ದೇ ಚಿಂತೆ. ಎಲೆ ಕಾಂಡಕ್ಕೆ ಸೇರುವ ಜಾಗ ಬಿಡಿಸಿ ನೋಡಿ. ಭತ್ತಕ್ಕೆ ಅಲ್ಲಿ ಬೆಳ್ಳನೆಯ ತೆಳು ಪೊರೆ ಇರುತ್ತದೆ, ಈ ಹುಲ್ಲಿಗೆ ಇರುವುದಿಲ್ಲ. ತೆನೆ ಬರುವ ಮುಂಚೆ ಕಿತ್ತುಬಿಡಿ.

ಮುಂದಿನ ಸಲ ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಆಮೇಲೆ ಉತ್ತು ಕೆಸರು ಮಾಡಿ. ಸಾಲಿನಿಂದ ಸಾಲಿಗೆ 25 ಸೆಂ.ಮೀ. ಬಿಟ್ಟು ನೆಟ್ಟರೆ ಕೋನೋವೀಡರ್ (ಸಾಲಿನ ನಡುವೆ ಕೈಯಿಂದ ತಳ್ಳುವ ಕಳೆ ಕೀಳುವ ಸಾಧನ) ಓಡಿಸಬಹುದು. ನೆಟ್ಟ 10–12 ದಿನಕ್ಕೆ ಮೊದಲ ಸಲ ಓಡಿಸಿ, ಕಿತ್ತ ಕಳೆ ಅಲ್ಲೇ ಗೊಬ್ಬರವಾಗುತ್ತದೆ. ಸಸಿ ಬೇರು ಹಿಡಿದ ಮೇಲೆ ಎರಡು ಇಂಚು ನೀರು ನಿಲ್ಲಿಸಿದರೆ ಎಷ್ಟೋ ಹುಲ್ಲು ಮೊಳೆಯುವುದೇ ಇಲ್ಲ. ಬದು ಸೋರದಂತೆ ನೋಡಿಕೊಳ್ಳಿ.

ಕೊಯ್ಲಾದ ಮೇಲೆ ಗದ್ದೆ ಸುಮ್ನೆ ಬಿಡಬೇಡಿ, ಶೇಂಗಾ ಹಾಕಿ. ನೀರಲ್ಲಿ ಬೆಳೆಯುವ ಕಳೆಗೆ ಒಣ ನೆಲ ಒಗ್ಗುವುದಿಲ್ಲ. ಹಸಿ ಸಗಣಿ ಮಾತ್ರ ಗದ್ದೆಗೆ ಬೇಡವೇ ಬೇಡ, ಅದರಲ್ಲೇ ಕಳೆಬೀಜ ಬರುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ.